ಎಡೆಯ ಮೀನು

ಬೂಕನಕೆರೆ ಪಕ್ಕದ ನಮ್ಮೂರಿಂದ
ಭಾನುವಾರ, ೧೪-೧೨-೨೦೨೫

ಮೊಮ್ಮಗಳು ರಂಜಿತಳಿಗೆ ಅಜ್ಜಿ ದ್ಯಾವಮ್ಮನ ಆಶೀರ್ವಾದ. ನಾನಿಲ್ಲಿ ಉಸಿರಾಡುತ್ತಿದ್ದೇನೆ. ಅದನ್ನು ಕ್ಷೇಮ ಅನ್ನುವುದಾದರೆ ಕ್ಷೇಮ.

ಫೋನಿದ್ದೂ ಅಜ್ಜಿ ಯಾಕೆ ಕಾಗದ ಬರೆದಳು ಅನ್ನಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅಲ್ಲದೆ ಗುರುವಾರದ ವಿಚಾರಣೆಯಲ್ಲಿ ನಿಮ್ಮ ಮೀನಿನ ಲ್ಯಾಬಿನ ಸಾರ್ ಮುಂದೆ ಇಡುವುದಕ್ಕೆ ಕೈಬರಹ ಬೇಕು. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಓದಲಾಗದಿದ್ದರೆ ಆತ ಕನ್ನಡಕ ಒರೆಸಿಕೊಳ್ಳಲಿ.

ಸಾರೂ ಓದುವುದರಿಂದ ಮೊದಲಿಂದ ಹೇಳುತ್ತೇನೆ. ನಮ್ಮೂರ ಕೆರೆಯ ಅರ್ಧಕ್ಕೆ ಮಣ್ಣು ಹೊಡೆದು ಮಾರುಕಟ್ಟೆ ಮಾಡುತ್ತೇವೆಂದು ಹೊರಟಿದ್ದರು. ಈ ಹುಡುಗಿ ರಂಜಿತ ಹಿರಿಯರ ಹಬ್ಬಕ್ಕೆಂದು ಬಂದವಳು, ಊಟಕ್ಕೂ ಮೊದಲು ಬಾಟಲು ಹಿಡಿದು ಕೆರೆಗೆ ಓಡಿದಳು. ಮೆಟ್ಟಿಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರೆಳೆದು, ಒಂದು ಬಿಳಿ ಬಿಲ್ಲೆಯ ಮೂಲಕ ಸೋಸಿದಳು. ಮೀನು ಹಿಡಿಯೋಕೆ ಬಲೆ ಬ್ಯಾಡ್ವೇನಮ್ಮಿ, ಇಂಜೆಕ್ಷನ್ ಸಾಕಾ ಅಂತ ನಗೆಯಾಡಿದೆ. ಅದಕ್ಕೆ ಅವಳು, ಮೀನು ಕಣ್ಣಿಗೆ ಬೀಳಬೇಕಾಗಿಲ್ಲ ಕಣಜ್ಜಿ, ಅದರ ಲೋಳೆ, ಉದುರಿದ ಚರ್ಮ ನೀರಲ್ಲಿದ್ರೆ ಸಾಕು, ಅದರ ಡಿಎನ್ಎ ನೋಡಿ ಯಾವ ಮೀನು ಅಂತ ಹೇಳ್ಬೋದು ಅಂದಳು. ಆಮೇಲೆ ಕೇಳಿದಳು: ಇವತ್ತು ಇಲ್ಲಿ ಯಾರಾದ್ರೂ ಮೀನು ತೊಳೆದವ್ರಾ? ನಾನು ಇಲ್ಲ ಕಣ್ ಹೋಗು ಅಂದೆ.

ಆ ನೀರಿನಲ್ಲಿ ಕೆಂಪು ರೆಕ್ಕೆಯ ಗೆಂಡೆಯ ಗುರುತು ಸಿಕ್ಕಿತು. ಎಲ್ಲೂ ಉಳಿದಿಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದ ಮೀನು. ಮಣ್ಣಿನ ಲಾರಿ ನಿಂತವು. ನಮ್ಮ ಬೀದಿಯ ಪುಟ್ಟಗೌರಮ್ಮ ಕೂಡ, ನಿನ್ ಮೊಮ್ಮಗಳು ಗಟ್ಟಿಗಿತ್ತಿ ಕಣಕ್ಕ ಅಂದಳು. ಅವಳ ಬಾಯಲ್ಲಿ ಒಳ್ಳೆಯ ಮಾತು ಬಂದಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ಎರಡು ಸಲ, ಕೆರೆಯ ಸುತ್ತ ಹತ್ತು ಕಡೆ ನೀರು ತೆಗೆದರು. ಗೆಂಡೆಯ ಸುಳಿವೇ ಇಲ್ಲ. ಈಗ ಸಾರ್ ಹೇಳುತ್ತಿರುವುದು, ತನ್ನೂರ ಕೆರೆ ಉಳಿಸಿಕೊಳ್ಳುವುದಕ್ಕೆ ಹುಡುಗಿಯೇ ಬಾಟಲಿಗೆ ಮೀನಿನ ಚೂರು ಹಾಕಿದ್ದಾಳೆ ಅಂತ. ಗುರುವಾರ ಅವಳ ಕೆಲಸ ತೆಗೆಯುತ್ತಾರಂತೆ.

ಸಾರ್, ಅವಳು ಹಾಕಲಿಲ್ಲ. ಹಾಕಿದವಳು ನಾನು.

ನಮ್ಮನೆಯಲ್ಲಿ ಒಂದು ಪದ್ಧತಿ. ಎಡೆಗೆ ಕುಯ್ದ ಮೀನು ತೊಳೆದ ನೀರನ್ನು ಬಚ್ಚಲಿಗೆ ಬಿಡುವಂತಿಲ್ಲ, ಹಿತ್ತಲಿಗೆ ಚೆಲ್ಲುವಂತಿಲ್ಲ. ಹಿರಿಯರ ಪಾಲಿನದನ್ನು ತುಳಿಯಬಾರದು. ಮೈಮೇಲಿನ ಹುರುಪೆ, ಕರುಳು ಸಮೇತ ಪಾತ್ರೆಯಲ್ಲಿ ಒಯ್ದು ಕೆರೆಗೆ ಬಿಟ್ಟು ಕೈಮುಗಿಯಬೇಕು. ನಮ್ಮತ್ತೆ ಮಾಡುತ್ತಿದ್ದರು, ನಾನು ಐವತ್ತೆರಡು ವರ್ಷ ಮಾಡಿದ್ದೇನೆ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಅದೇ ಕಲ್ಲಿನ ಮೇಲೆ ನಿಂತು ಬಿಟ್ಟೆ. ಹನ್ನೊಂದಕ್ಕೆ ಅವಳು ಅಲ್ಲೇ ಬಾಟಲು ಅದ್ದಿದಳು. ಮೀನು ತೊಳೆದರಾ ಅಂತ ಅವಳು ಕೇಳಿದಾಗ ನನಗೆ ಇದು ಹೊಳೆಯಲೇ ಇಲ್ಲ. ಅದು ನನಗೆ ಪೂಜೆ. ಪೂಜೆಯನ್ನು ಯಾರು ಪಾತ್ರೆ ತೊಳೆಯುವ ಲೆಕ್ಕಕ್ಕೆ ಸೇರಿಸುತ್ತಾರೆ?

ಆ ಗೆಂಡೆ ಮೀನು ಕರಿಘಟ್ಟದ ಕೆಳಗಿನ ಹೊಳೆಯದು. ಬೆಸ್ತರ ಚಲುವಯ್ಯ ತಂದುಕೊಟ್ಟಿದ್ದು. ಬೇಕಾದರೆ ನನ್ನನ್ನು ಕರೆಸಿ, ಬಂದು ನಿಲ್ಲುತ್ತೇನೆ. ಹುಡುಗಿಯನ್ನು ಬಿಡಿ.

ರಂಜಿ, ಇದನ್ನು ಕೊಟ್ಟರೆ ಕೆರೆ ಹೋಗುತ್ತದೆ, ಗೊತ್ತು. ಕೊಡದಿದ್ದರೆ ನೀನು ಹೋಗುತ್ತೀಯ. ಮೊನ್ನೆ ಹೋಗಿ ಆ ಕಲ್ಲಿನ ಮೇಲೆ ಕೂತಿದ್ದೆ. ಲಾರಿಯವರು ಆಗಲೇ ಬಂದು ಸುಣ್ಣದ ಗೆರೆ ಎಳೆದಿದ್ದಾರೆ. ನೀರು ಹಸಿರಾಗಿ ನಿಂತಿದೆ, ಒಂದು ಗುಳ್ಳೆ ಏಳಲಿಲ್ಲ. ಬಾಯಿ ಜೋರಿನ ಮುದುಕಿ ಅಂತ ಊರೆಲ್ಲ ಅನ್ನುತ್ತದೆ. ಅಲ್ಲಿ ನನಗೆ ಒಂದು ಬೈಗುಳವೂ ಬರಲಿಲ್ಲ. ಯಾರನ್ನು ಬೈಯಲಿ?

ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನಜ್ಜಿ,
ದ್ಯಾವಮ್ಮ

ಮರೆತ ಮಾತು: ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಸಾರ್‌ಗೆ ತೋರಿಸುವುದೋ ಹರಿಯುವುದೋ ನಿನಗೆ ಬಿಟ್ಟಿದ್ದು. ಹೊಳೆಯ ಮೀನು ಅಂದಿದ್ದು ಸುಳ್ಳು. ಚಲುವಯ್ಯ ಅದನ್ನು ಹಿಡಿದಿದ್ದು ನಮ್ಮ ಕೆರೆಯಲ್ಲೇ, ಅವತ್ತು ಬೆಳಗಿನ ಜಾವ. ಆರ್ ವರ್ಸ ಆಗಿತ್ತು ಕಣವ್ವ ಇದ್ರ ಮುಖ ನೋಡಿ, ನಮ್ಮಣ್ಣಯ್ಯಂಗೆ ಇಷ್ಟ ಅಂತ ತಂದೆ, ಎಡೆಗಿಡು ಅಂದ. ತೀರಿಹೋದ ನಿಮ್ಮ ತಾತನನ್ನು ಅವನು ಅಣ್ಣಯ್ಯ ಅನ್ನುತ್ತಿದ್ದ. ಅಂಥದ್ದು ಸಿಕ್ಕಿದರೆ ನೀರಿಗೆ ಬಿಡಿಸಿ ನನಗೆ ಫೋನ್ ಮಾಡಜ್ಜಿ ಅಂತ ನೀನು ಹೇಳಿದ್ದು ನೆನಪಿತ್ತು. ನಿಮ್ಮ ತಾತನ ಹಬ್ಬ, ಒಂದು ದಿನ ತಾನೇ ಅಂದುಕೊಂಡೆ. ನಿನ್ನ ಬಾಟಲು ಸುಳ್ಳು ಹೇಳಲಿಲ್ಲ ಮಗ, ಎರಡು ಗಂಟೆ ತಡವಾಗಿ ನಿಜ ಹೇಳಿತು. ಕುಯ್ದಾಗ ಅದರ ಹೊಟ್ಟೆ ತುಂಬ ತತ್ತಿ ಇತ್ತು. ಸಂಜೆ ಎಡೆ ಎತ್ತಿದ ಮೇಲೆ ನಿನ್ನ ಎಲೆಗೆ ಹುರಿದು ಬಡಿಸಿದ್ದು ಅದೇ. ಬೂಕನಕೆರೆ ಸಂತೆಯ ಮೀನು ಅಂದುಕೊಂಡು ನೀನು ಇನ್ನೊಂದು ಸಲ ಹಾಕಿಸಿಕೊಂಡೆ.