ಬರಿಗೋಡೆಯ ಶೃಂಗಾರ

ಹುಕ್ಕೇರಿ, ೫-೩-೧೯೩೪. ಬೆಳಿಗ್ಗೆ

ಶಾಲೆಗೆ ಹೊರಡಲು ಇನ್ನೂ ಅರ್ಧ ತಾಸಿದೆ. ಹುಡುಗಿಯರ ಶುದ್ಧಬರಹದ ವಹಿ ತಿದ್ದಬೇಕು. ಅದನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ — ಸಿಟ್ಟಿಗೆ.

ನಮ್ಮ ಯಜಮಾನರು ಕಾಯ್ದೆಭಂಗ ಮಾಡಿ ಜೈಲಿಗೆ ಹೋಗಿ ಬಂದು ಹದಿನೈದು ದಿನ. ಇಂದು ಪಡಸಾಲೆಯ ತೂಗುಮಂಚ ಬಿಚ್ಚಿಸಿ ಬಡಿಗೇರ ಕಲ್ಲಪ್ಪನಿಗೆ ಕೊಟ್ಟುಬಿಟ್ಟರು. ಬಡವರ ದೇಶದಲ್ಲಿ ಹಿತ್ತಾಳೆ ಸರಪಳಿಯ ಮಂಚ ಪಾಪವಂತೆ. ಅತ್ತೆಗೆ ಮೊಣಕಾಲು ಮಡಚಲು ಬಾರದು. ಹಗಲೆಲ್ಲ ಕೂಡುತ್ತಿದ್ದುದೇ ಅದರ ಮೇಲೆ. ಅವರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.

೧೧-೩

ಕನ್ನಡಿ ಹೋಯಿತು. ಹಿತ್ತಾಳೆ ಕೊಡಗಳೂ. ತವರಿನವರು ಗೋಕಾಕದಿಂದ ಕಳಿಸಿದ್ದ ಮರದಲ್ಲಿ ಕೆತ್ತಿದ ಬಣ್ಣದ ಹಣ್ಣುಗಳೂ... ಸರಳತೆಯಂತೆ. ಹೇಳದೆ ಕೇಳದೆ ಕಸಿದುಕೊಳ್ಳುವುದಕ್ಕೆ ಇಷ್ಟು ಒಳ್ಳೆಯ ಹೆಸರೇ?

ಬೇಡದ್ದು ಮನೆಯಲ್ಲಿ ಬಹಳ ಇತ್ತು, ನಿಜ. ಉರಿಯದ ಗಾಜಿನ ದೀಪಗಳು, ನಿಂತ ಗಡಿಯಾರ ಮೂರು. ಅವು ಹೋದಾಗ ಸುಮ್ಮನಿದ್ದೆ. ಹಗುರವೂ ಎನಿಸಿತು. ಆದರೆ ಯಾವುದು ಬೇಕು, ಯಾವುದು ಬೇಡ ಎಂದು ನಿರ್ಧರಿಸುವವರು ಇವರೊಬ್ಬರೇ ಏನು?

ಅತ್ತೆಯನ್ನು ನೆಲದಿಂದ ಎಬ್ಬಿಸಲು ಈಗ ಇಬ್ಬರು ಬೇಕು. ನಾನು ಶಾಲೆಗೆ ಹೋದರೆ ಸಂಜೆಯತನಕ ಕೂತಲ್ಲೇ.

೨೫-೩. ಸಂಜೆ

ಗೋಕಾಕದಿಂದ ಇವರ ಗೆಳೆಯರು ನಾಲ್ವರು ಬಂದಿದ್ದರು. ಖಾಲಿ ಪಡಸಾಲೆ ನೋಡಿ ಹೊಗಳಿದ್ದೇ ಹೊಗಳಿದ್ದು. ಇವರು ಆ ಗೋಡೆಯಿಂದ ಈ ಗೋಡೆಗೆ ಕರೆದೊಯ್ದು ತೋರಿಸಿದರು. ತೋರಿಸಲು ಏನಿತ್ತು? ಬರಿಗೋಡೆಯೇ ಇವರ ಶೃಂಗಾರ.

ಅಷ್ಟರಲ್ಲಿ ಅತ್ತೆ ಏಳಲು ಹೋದರು. ಆಗಲಿಲ್ಲ. ಬಂದವರ ಮುಂದೆಯೇ ಅಂಗೈ ಊರಿ ತೆವಳಿದರು. ಇವರು ಓಡಿಹೋಗಿ ರಟ್ಟೆ ಹಿಡಿದರು. ಅತ್ತೆ ಮೆಲ್ಲಗೆ ಕೇಳಿದರು —

"ಮುರಿಗೆಪ್ಪ, ನೀ ಜೇಲಿನ್ಯಾಗ ಖಾಲಿ ಖೋಲ್ಯಾಗ ಇದ್ದಿ. ಅದು ಸರಕಾರ ಕೊಟ್ಟ ಶಿಕ್ಷಾ. ನಾ ಏನ ತಪ್ಪ ಮಾಡೇನಿ?"

ಗೆಳೆಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

೨-೪

ತೂಗುಮಂಚವನ್ನು ಕಲ್ಲಪ್ಪ ಬೆಲ್ಲದ ಬಾಗೇವಾಡಿ ಊರಿನವರೊಬ್ಬರಿಗೆ ಮಾರಿಯಾಗಿತ್ತಂತೆ. ಇವರು ವಾರವೆಲ್ಲ ಅವನ ಪಕ್ಕದಲ್ಲೇ ಕೂತು ಬೇವಿನ ಹಲಗೆಯ ಬೆಂಚು ಮಾಡಿ ತಂದರು. ಕೆತ್ತನೆ ಇಲ್ಲ, ಬಣ್ಣ ಇಲ್ಲ. ಎತ್ತರ ಮಾತ್ರ ಅತ್ತೆಯ ಕಾಲಿಗೆ ಅಳೆದದ್ದು. ಚೆನ್ನಾಗಿದೆ. ಬಾಯಿಬಿಟ್ಟು ಹೇಳಲಿಲ್ಲ ನಾನು.

ಟ್ರಂಕಿನಿಂದ ಅವ್ವ ಸೀರೆಯ ತುಂಡುಗಳಲ್ಲಿ ಹೊಲಿದ ಕೌದಿ ತೆಗೆದು ಅದರ ಮೇಲೆ ಹಾಸಿದೆ. ಕೆಂಪು, ಹಳದಿ, ಗಿಳಿಹಸಿರು — ಪಡಸಾಲೆಗೆಲ್ಲ ಅದೊಂದೇ ಬಣ್ಣ. ತೆಗೆ ಎನ್ನಲಿ, ನೋಡೋಣ ಎಂದು ಅಲ್ಲೇ ನಿಂತೆ. ಎನ್ನಲಿಲ್ಲ. ಅತ್ತೆ ಕೂತರು. ತಾವೇ ಎದ್ದರು. ಮತ್ತೆ ಕೂತರು.

ಇವರು ನನ್ನತ್ತ ತಿರುಗಿ, "ಮತ್ತೇನ ಬೇಕು ನಿನಗ, ಹೇಳು" ಎಂದರು. ಮದುವೆಯಾಗಿ ಹನ್ನೊಂದು ವರ್ಷ... ಈ ಮಾತು ಕೇಳಿದ್ದು ಇಂದೇ.

ಸಿಟ್ಟು ಹೋಗಿಲ್ಲ. ಹೇಳುವುದು ಬಹಳ ಇದೆ. ನನ್ನ ಉತ್ತರಕ್ಕೆ ಇವರು ಹೊರಗೆ ಕಾಯುತ್ತ ಕೂತಿದ್ದಾರೆ. ಮೊದಲು ಕೇಳಬೇಕಾದದ್ದು —