ಸ್ಕೂಲಿಂಗಿಗೆ ಹೊರಟಿದ್ದೇನೆ, ಅತ್ತೆ

ನನ್ನ ಅತ್ತೆಯವರಿಗೆ,

ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ನೀವಿದ್ದಿದ್ದರೆ ಇಷ್ಟು ಹೊತ್ತಿಗೆ ಅದನ್ನು ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಮಂಚದ ಮೇಲೆ ಸುರಿದು, ನಿಮ್ಮ ರೀತಿಯಲ್ಲಿ ಮತ್ತೆ ಜೋಡಿಸಿ, ಮೇಲೊಂದು ಹುರಿಹಿಟ್ಟಿನ ಡಬ್ಬಿ ತುರುಕಿರುತ್ತಿದ್ದಿರಿ. ಈ ಸಲ ಹುರಿಹಿಟ್ಟು ನಾನೇ ಇಟ್ಟುಕೊಂಡೆ. ನಾಳೆ ಬೆಳಿಗ್ಗೆ ಕೋಲಾರದ ಬಸ್ಸು, ಅಲ್ಲಿಂದ ಬೆಂಗಳೂರು, ಆಮೇಲೆ ಹೈದರಾಬಾದಿಗೆ ರೈಲು. ಅಲ್ಲಿನ ಕೆರೆಯಲ್ಲಿ ಒಂದು ವಾರ ಸ್ಕಲ್ಲಿಂಗ್ ಶಿಬಿರ. ಒಬ್ಬಳೇ ಕೂತು ಎರಡು ಕೈಯಲ್ಲಿ ಎರಡು ಹುಟ್ಟು ಹಾಕುವ ಈ ಆಟವನ್ನು ನೀವು ಕೊನೆಯವರೆಗೂ ‘ಸ್ಕೂಲಿಂಗು’ ಎಂದೇ ಕರೆದಿರಿ. ನಮ್ಮ ಮಾವಿನ ಮಂಡಿಯಲ್ಲಿ ಯಾರಾದರೂ ಸೊಸೆ ಎಲ್ಲಿ ಎಂದು ಕೇಳಿದರೆ, “ಸ್ಕೂಲಿಂಗಿಗೆ ಹೋಗಿದಾಳೆ, ಬರ್ತಾಳೆ” ಅನ್ನುತ್ತಿದ್ದಿರಿ. ಮದನಪಲ್ಲಿಯಿಂದ ಮಾವಿನಕಾಯಿ ಕೊಳ್ಳಲು ಬರುವ ರೆಡ್ಡಿಯವರು ಅದನ್ನು ನಂಬಿ, “ಕೋಡಲು ಏಂ ಚದುವುತಾ ಉಂದಿ?” ಎಂದು, ಸೊಸೆ ಏನು ಓದುತ್ತಿದ್ದಾಳೆಂದು ಒಂದಿಡೀ ಸೀಸನ್ನು ವಿಚಾರಿಸಿಕೊಂಡಿದ್ದರಲ್ಲ!

ಮಾಲೂರಿನ ನಮ್ಮ ಮನೆಗೆ ನೀವು ಹೆಣ್ಣು ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಹೆಂಚಿನ ಕಾರ್ಖಾನೆಗೆ ರಜೆ ಹಾಕಿ ಇಸ್ತ್ರಿ ಶರ್ಟು ತೊಟ್ಟು ಕೂತಿದ್ದರು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ನಿಮ್ಮ ಕಡೆಯವರು ಯಾರೋ ಕೇಳಿದರು. ನೀವು ಮಾತ್ರ ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಅಂಗೈ ಹಿಡಿದು ಮಗುಚಿ ನೋಡಿದಿರಿ. “ಏನಮ್ಮಾ, ಕೈಯೆಲ್ಲ ಜಡ್ಡು ಕಟ್ಟೈತೆ? ಗುದ್ದಲಿ ಹಿಡೀತೀಯಾ?” ಅಮ್ಮನ ಮುಖ ಸಣ್ಣಗಾಯಿತು. “ಇಲ್ಲ, ಕಾಲೇಜಲ್ಲಿ ದೋಣಿ ಓಡಿಸ್ತೀನಿ. ಬೆಂಗಳೂರಲ್ಲಿ,” ಎಂದೆ. ನೀವು ಲೋಟ ಕೆಳಗಿಟ್ಟು ನಕ್ಕಿರಿ. “ಅಯ್ಯೋ ದೇವ್ರೇ, ನಮ್ಮ ಶ್ರೀನಿವಾಸಪುರದಲ್ಲಿ ಕುಡಿಯೋಕೇ ನೀರಿಲ್ಲ. ದೋಣಿ ಎಲ್ಲಿ ಓಡಿಸ್ತೀಯೇ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೊರಡುವಾಗ ಹೊಸ್ತಿಲ ಬಳಿ ನಿಂತು ಅಮ್ಮನಿಗೆ ನೀವು ಹೇಳಿದ್ದು ನನಗೆ ಕೇಳಿಸಿತ್ತು: “ಕೈಗೆ ಕೆಲ್ಸ ಗೊತ್ತಿರೋ ಹುಡ್ಗಿ. ನಮಗೆ ಇವಳೇ ಸಾಕು.”

ಆಮೇಲೆ ಮದುವೆ, ಮಗಳು ಅನು ಹುಟ್ಟಿದ್ದು, ನಿಮ್ಮ ಮಗನಿಗೆ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟು ಕೆಲಸ ಸಿಕ್ಕಿದ್ದು... ಅಂಗೈಯ ಜಡ್ಡು ಯಾವಾಗ ಕರಗಿತೋ ನನಗೇ ತಿಳಿಯಲಿಲ್ಲ. ಬೇಸರವೂ ಇರಲಿಲ್ಲ ಅತ್ತೆ, ಸುಳ್ಳು ಯಾಕೆ ಹೇಳಲಿ? ನಿಮ್ಮ ಪಕ್ಕ ಕೂತು ಮಂಡಿಯ ಕೆಲಸ ಕಲಿಯುವುದೇ ನನಗೊಂದು ಖುಷಿಯಾಗಿತ್ತು. ಅಷ್ಟೊಂದು ಗಂಡಸರ ನಡುವೆ, ಮಾವಿನ ರಾಶಿಯ ಪಕ್ಕದ ಮರದ ಸ್ಟೂಲಿನ ಮೇಲೆ ನಿಂತು ನೀವು ಹರಾಜು ಕೂಗುತ್ತಿದ್ದರೆ ಲಾರಿ ಡ್ರೈವರುಗಳು ಕೂಡ ಬೀಡಿ ಕೆಳಗಿಟ್ಟು ನೋಡುತ್ತಿದ್ದರು. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೆಲೆ ಏರಿಸಿ, ಉರ್ದುವಿನಲ್ಲಿ ಮುಗಿಸುತ್ತಿದ್ದಿರಿ. ನನ್ನ ತೆಲುಗು ನೀವು ಕಲಿಸಿದ್ದೇ. ಹೈದರಾಬಾದಿನಲ್ಲಿ ಅದು ಮಾವಿನಕಾಯಿ ತೆಲುಗು ಎಂದು ನಗುತ್ತಾರೋ ಏನೋ.

ಆ ವರ್ಷ ಮಳೆ ಬಿಡದೆ ಹಿಡಿದು ನಮ್ಮ ಕೆರೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿತ್ತಲ್ಲ. ಅನು ಹುಟ್ಟಿದಾಗಿನಿಂದ ಕೆರೆಯೆಂದರೆ ಕ್ರಿಕೆಟ್ ಆಡುವ ಬಯಲು ಎಂದೇ ತಿಳಿದಿದ್ದಳು. ಏರಿಯ ಮೇಲೆ ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ನೀರನ್ನೇ ನೋಡುತ್ತ ನಿಂತಿದ್ದೆನಂತೆ, ನೀವು ನನ್ನನ್ನೇ ನೋಡುತ್ತ ನಿಂತಿದ್ದಿರಿ. ಮನೆಗೆ ಹೊರಡುವ ಹೊತ್ತಿಗೆ ಕೇಳಿದಿರಿ: “ನೀರು ಬಂತಲ್ಲಮ್ಮಾ. ಈಗೇನು ಮಾಡ್ತೀಯ?” ನಾನು ತಮಾಷೆ ಎಂದುಕೊಂಡೆ. ನೀವು ತಮಾಷೆ ಮಾಡಿರಲಿಲ್ಲ.

ದೋಣಿ ಬಂದ ದಿನದ ಗಲಾಟೆಯನ್ನು ಮಂಡಿಯವರು ಈಗಲೂ ಹೇಳುತ್ತಾರೆ. ನನ್ನ ಹಳೆಯ ಕೋಚ್ ಸರ್ ಅವರ ನಂಬರನ್ನು ನನ್ನ ಫೋನಿನಿಂದಲೇ ಹುಡುಕಿ, ನೀವೇ ಮಾತಾಡಿ, ಅವರ ಶೆಡ್ಡಿನಲ್ಲಿ ಹೊಟ್ಟೆ ಒಡೆದು ಬಿದ್ದಿದ್ದ ಒಂದು ಹಳೆಯ ಸ್ಕಲ್ಲಿಂಗ್ ದೋಣಿಯನ್ನು ಕೊಡಲು ಒಪ್ಪಿಸಿದ್ದಿರಿ. ಬೆಂಗಳೂರಿಗೆ ಹಣ್ಣು ಇಳಿಸಿ ಬರುವ ಲಾರಿಯಲ್ಲಿ, ಖಾಲಿ ಕ್ರೇಟುಗಳ ಮೇಲೆ ಹುಲ್ಲು ಹಾಸಿ, ಅದನ್ನು ಮಲಗಿಸಿ ತಂದರು. ಲಾರಿಗಿಂತ ಉದ್ದ! ಹಿಂದೆ ಚಾಚಿದ್ದ ತುದಿಗೆ ನಿಮ್ಮ ಕೆಂಪು ರವಿಕೆ ಬಟ್ಟೆ ಕಟ್ಟಿದ್ದರು. “ಇದು ದೋಣಿನಾ, ನೀರಿನ ಪೈಪಾ?” ಎಂದು ಒಬ್ಬರು, “ಇದರಲ್ಲಿ ಮನುಷ್ಯರು ಹೆಂಗೆ ಕೂತ್ಕೋತಾರೆ?” ಎಂದು ಇನ್ನೊಬ್ಬರು. ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಬಸ್ಸು ಲಾರಿಗಳ ಫೈಬರ್ ಕೆಲಸ ಮಾಡುವವರನ್ನು ಕರೆಸಿ ಒಡೆದ ಹೊಟ್ಟೆಗೆ ತೇಪೆ ಹಾಕಿಸಿದಿರಿ. ಜಾರುವ ಸೀಟಿನಲ್ಲಿ ನಾನು ಕೂತು ತೋರಿಸಿದಾಗ ನಿಮಗೆ ಒಂದೇ ಅನುಮಾನ. “ಇದೇನೇ ಇದು, ಹೋಗೋ ಕಡೆಗೆ ಬೆನ್ನು ಹಾಕ್ಕೊಂಡು ಕೂತ್ಕೋತೀಯಾ? ಮುಂದೆ ಏನೈತೆ ಅಂತ ಯಾರು ನೋಡ್ತಾರೆ?” ಆಗಾಗ ಕತ್ತು ತಿರುಗಿಸಿ ನೋಡಿಕೊಳ್ಳಬೇಕು ಎಂದೆ. “ನಾನು ಏರಿ ಮೇಲೆ ನಿಂತ್ಕೊಂಡು ಹೇಳ್ತೀನಿ ಬಿಡು,” ಎಂದಿರಿ.

ಮೊದಲ ದಿನವೇ ನಾನು ಮಗುಚಿ ಬಿದ್ದೆ. ಕಾಲೇಜಿನಲ್ಲಿ ಪದಕ ಗೆದ್ದವಳು, ಮೂರು ಸಲ ಹುಟ್ಟು ಎಳೆಯುವುದರೊಳಗೆ ನೀರು ಕುಡಿದಿದ್ದೆ. ಏರಿಯ ಮೇಲಿನ ಗುಂಪು ಹೋ ಎಂದು ನಕ್ಕಿತು. ನಾನು ದೋಣಿ ಹಿಡಿದು ತೇಲುತ್ತ, ದಡಕ್ಕೆ ಬರುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ ನಿಮ್ಮ ಹರಾಜಿನ ದನಿ ಕೇಳಿಸಿತು. “ಯಾರಪ್ಪಾ ನಕ್ಕೋರು? ಬನ್ನಿ, ನೀವು ಕೂತು ತೋರಿಸ್ಬನ್ನಿ! ಬರ್ತೀರಾ?” ಗುಂಪು ಹಿಂದೆ ಸರಿಯಿತು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೇ ಜೋರಾಗಿ, “ನೀನೇನು ನೋಡ್ತೀಯೇ? ಹತ್ತು ಮತ್ತೆ!” ಹತ್ತಿದೆ. ಮತ್ತೆ ಬಿದ್ದೆ. ಮತ್ತೆ ಹತ್ತಿದೆ. ಆ ವಾರ ಮುಗಿಯುವ ಹೊತ್ತಿಗೆ ತೂಬಿನಿಂದ ಆಚೆ ದಡದವರೆಗೆ ಹೋಗಿ ಬಂದೆ. ಅಂದು ನೀವು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟು ನನ್ನ ಒದ್ದೆ ತಲೆಯನ್ನು ನಿಮ್ಮ ಸೆರಗಿನಿಂದಲೇ ಒರೆಸಿದಿರಿ.

ಗಾಳಿಗೆ ಸಿಕ್ಕಿ ದೋಣಿ ಜಾಲಿ ಗಿಡಗಳ ನಡುವೆ ಹೋಗಿ ಕಚ್ಚಿಕೊಂಡ ಬೆಳಿಗ್ಗೆಯನ್ನು ನಾನು ಯಾರಿಗೂ ಸರಿಯಾಗಿ ವಿವರಿಸಲಾರೆ. ನೀರೊಳಗಿನ ಮುಳ್ಳಿಗೆ ಹುಟ್ಟು ಸಿಕ್ಕಿಹಾಕಿಕೊಂಡು, ಬಿಡಿಸಲು ಬಗ್ಗಿದರೆ ದೋಣಿ ವಾಲುತ್ತಿತ್ತು. ಕೂಗಿದೆ. ನೀವು ದಿನವೂ ಏರಿಯ ಮೇಲಿನ ಕಲ್ಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮೊಣಕಾಲು ನೋವಿನಿಂದ ಎಂದುಕೊಂಡಿದ್ದೆ. ಅಂದು ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡದಿಂದ ಗಿಡಕ್ಕೆ ಕೈ ಹಿಡಿಯುತ್ತ ಎದೆಮಟ್ಟದ ನೀರಿನಲ್ಲಿ ಬರುತ್ತಿದ್ದೀರಿ! ಹುಟ್ಟನ್ನು ಬಿಡಿಸಿ, ದೋಣಿಯ ಮೂತಿ ಹಿಡಿದು ದಡಕ್ಕೆ ಎಳೆದುಕೊಂಡು ಬಂದಿರಿ. ದಡದಲ್ಲಿ ಕೂತು ಸೆರಗು ಹಿಂಡಿಕೊಂಡಿರಿ. ಆಗ ಹೇಳಿದಿರಿ, ಕ್ಯಾಲನೂರಿನ ತವರಿನಲ್ಲಿ ಚಿಕ್ಕವರಿದ್ದಾಗ ಬಾವಿಗೆ ಬಿದ್ದಿದ್ದಿರಂತೆ, ಹಗ್ಗ ಬಿಟ್ಟು ಎತ್ತಿದರಂತೆ, ಅಂದಿನಿಂದ ಕಾಲು ಮುಳುಗುವಷ್ಟು ನೀರಿಗೂ ಇಳಿದಿರಲಿಲ್ಲವಂತೆ. “ಹಾಗಾದ್ರೆ ಯಾಕೆ ಬಂದ್ರಿ ಅತ್ತೆ? ಭಯ ಆಗ್ಲಿಲ್ವಾ?” ಎಂದೆ. “ಆಯ್ತು. ಅದಕ್ಕೇನೀಗ? ನೀನು ಕರ್ದೆ, ಬಂದೆ.” ಅಷ್ಟೇ. ನನಗೆ ಗೊತ್ತಿರುವ ಧೈರ್ಯವಂತರಲ್ಲಿ ನಿಮ್ಮಂಥವರು... ಹೇಗೆ ಹೇಳಲಿ?

ಮುಳಬಾಗಿಲಿನಿಂದ ದೊಡ್ಡತ್ತೆ ಬಂದಿದ್ದಾಗ ಆದ ಮಾತೂ ನೆನಪಾಗುತ್ತದೆ. ಮಾವನ ಅಕ್ಕ, ಮನೆಗೆ ಹಿರಿಯರು. ಅವರ ಎದುರು ಯಾರೂ ಬಾಯಿ ಬಿಡುವುದಿಲ್ಲ. ಊಟಕ್ಕೆ ಕೂತಾಗ ಶುರು ಮಾಡಿದರು: “ಮಗುವಿನ ತಾಯಿ ಚಡ್ಡಿ ಹಾಕ್ಕೊಂಡು ಕೆರೇಲಿ ಆಡೋದು, ನೀನು ಕಾವಲು ನಿಂತ್ಕೊಳ್ಳೋದು. ಜನ ಏನಂತಾರೆ?” ನೀವು ಅವರ ಮುದ್ದೆಗೆ ಇನ್ನಷ್ಟು ಸಾರು ಬಿಡುತ್ತ ಹೇಳಿದಿರಿ: “ಮೊದಲ ಸಲ ಸ್ಟೂಲ್ ಹತ್ತಿ ಹರಾಜು ಕೂಗ್ದಾಗ್ಲೂ ಜನ ಅಂದ್ರು ಅಕ್ಕಾ. ಅಂದು ಅಂದು ಸುಸ್ತಾಗಿ ಈಗ ನಮ್ಮ ಮಂಡಿಗೇ ಕಾಯಿ ತರ್ತಾರೆ.” ದೊಡ್ಡತ್ತೆ ಮುದ್ದೆ ಮುರಿದರು. ಮರುದಿನ ಬೆಳಿಗ್ಗೆ ಶಾಲು ಹೊದ್ದು ಅವರೂ ಏರಿಗೆ ಬಂದು ಕೂತರು.

ಕಳೆದ ವರ್ಷ ನೀಲಂ ಮಾವಿನ ಕೊನೆಯ ಲೋಡು ಹೋದ ದಿನ ನೀವು ಮಂಡಿಯಲ್ಲೇ ಕುಸಿದಿರಿ. ಕೋಲಾರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಏನೋ ಹೇಳಲು ನೋಡಿದಿರಿ. ನನಗೆ ಅರ್ಥವಾಗಲಿಲ್ಲ. ಈಗಲೂ ಕೆಲವೊಮ್ಮೆ ಅದು ಏನಿರಬಹುದು ಎಂದು... ಇರಲಿ.

ನೀವು ಹೋದ ಮೇಲೆ ದೋಣಿ ಮಂಡಿಯ ಹಿಂದಿನ ಶೆಡ್ಡಿನಲ್ಲೇ ಉಳಿಯಿತು. ಏರಿಯ ಮೇಲೆ ನೀವಿಲ್ಲದೆ ನನಗೆ ಹೋಗಲು ಮನಸ್ಸಾಗಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಕೋಚ್ ಸರ್ ಫೋನ್ ಮಾಡಿದರು. ಆಟ ಬಿಟ್ಟು ಮತ್ತೆ ಬಂದವರಿಗೆಂದೇ ಈ ಶಿಬಿರವಂತೆ. ದಿನಕ್ಕೆ ಎರಡು ಹೊತ್ತು ನೀರಿನಲ್ಲಿ, ಕೊನೆಯ ದಿನ ಒಂದು ರೇಸು, ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ರಾಜ್ಯ ತಂಡದ ಆಯ್ಕೆಗೆ ಅವಕಾಶ. “ನಿಮ್ಮತ್ತೆ ಹೋದ ವರ್ಷವೇ ನನ್ನ ಹತ್ರ ಮಾತು ತಗೊಂಡಿದ್ರು, ಇಂಥದ್ದು ಬಂದ್ರೆ ಮೊದ್ಲು ನಿನಗೆ ಹೇಳ್ಬೇಕು ಅಂತ,” ಎಂದರು. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಮರುದಿನ ನಿಮ್ಮ ಮಗನೂ ನಾನೂ ದೋಣಿ ಹೊತ್ತು ಕೆರೆಗೆ ಹೋದೆವು. ಅಂದಿನಿಂದ ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ. ಸಂಜೆ ಅನುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುತ್ತೇನೆ, ಅವಳು ಎಣಿಸುವಾಗ ಬೇಕೆಂದೇ ತಪ್ಪು ಎಣಿಸುತ್ತಾಳೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಮತ್ತೆ ಗಟ್ಟಿಯಾಗಿದೆ.

ಒಂದೇ ತೊಡಕು ಉಳಿದಿತ್ತು. ಶಿಬಿರದ ವಾರವೇ ಬಾದಾಮಿ ಮಾವು ಮಂಡಿಗೆ ಬರುವ ವಾರ. ನೀವು ಹೋದ ಮೇಲೆ ನಿಮ್ಮ ಸ್ಟೂಲು ನನ್ನ ಪಾಲಿಗೆ ಬಂದಿದೆ. ನಾನಿಲ್ಲದಿದ್ದರೆ ಹರಾಜು ಯಾರು ಕೂಗಬೇಕು? ನಿಮ್ಮ ಮಗನಿಗೆ ರಜೆ ಸಿಗಲಿಲ್ಲ. ಮಾವನ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾತು ಗಂಟಲಿನಲ್ಲೇ ಸಿಕ್ಕಿಕೊಂಡು ತೊದಲುತ್ತದೆಂದು ಅವರು ಜೀವಮಾನವೆಲ್ಲ ತಕ್ಕಡಿಯ ಹಿಂದೆಯೇ ಉಳಿದವರು. ಅವರ ಬದಲಿಗೆ ನೀವು ಸ್ಟೂಲು ಹತ್ತಿದ್ದಿರೆಂದು, ಒಂದು ಸಲವಾದರೂ ಅದನ್ನು ಅವರಿಗೆ ಕೊರತೆ ಎನ್ನಿಸುವಂತೆ ನಡೆದುಕೊಳ್ಳಲಿಲ್ಲವೆಂದು ದೊಡ್ಡತ್ತೆಯೇ ನನಗೆ ಹೇಳಿದ್ದು. ಹಾಗಾಗಿ ಕೋಚ್ ಸರ್‌ಗೆ ಈ ಸಲ ಆಗುವುದಿಲ್ಲ ಎಂದು ಹೇಳಿಬಿಡಬೇಕೆಂದುಕೊಂಡಿದ್ದೆ.

ಹೋದ ವಾರ ಒಂದು ಬೆಳಿಗ್ಗೆ ಹುಟ್ಟು ತೆಗೆದುಕೊಳ್ಳಲು ಶೆಡ್ಡಿಗೆ ಹೋದರೆ ಒಳಗಿನಿಂದ ದನಿ. ಮಾವ ಖಾಲಿ ಕ್ರೇಟುಗಳ ಮುಂದೆ ನಿಂತು, ಕಣ್ಣು ಮುಚ್ಚಿ, “ಬಾ... ಬಾ... ಬಾದಾಮಿ, ಒಂದ್ನೇ ಸಲ!” ಎಂದು ಕೂಗುತ್ತಿದ್ದರು. ನನ್ನನ್ನು ಕಂಡು ನಾಚಿದರು. “ನೀ... ನೀನು ಹೋಗಿ ಬಾರಮ್ಮ. ಇಲ್ಲಿ ನಾ... ನಾನಿದೀನಿ,” ಎಂದರು.

ಇವತ್ತು ಬೆಳಿಗ್ಗೆ ಅವರು ಸ್ಟೂಲು ಹತ್ತಿದರು, ಅತ್ತೆ. ನಾನು ತಕ್ಕಡಿಯ ಪಕ್ಕ ನಿಂತಿದ್ದೆ. ಮೊದಲ ಮಾತಿಗೇ ಸಿಕ್ಕಿಕೊಂಡರು. ಕತ್ತಿನ ನರ ಉಬ್ಬಿತು. ರೆಡ್ಡಿಯವರು ಪಾಪ ಸಹಾಯವಾಗಲೆಂದು “ಬಾದಾಮಿ ಅಂತಲ್ಲವಾ?” ಎಂದು ಮಾತು ಪೂರ್ತಿ ಮಾಡಹೋದರು. ಮಾವ ಕೈ ಎತ್ತಿ ತಡೆದರು. ಕಾಯಿರಿ ಎಂಬಂತೆ. ಎಲ್ಲರೂ ಕಾದರು. ಒಬ್ಬರೂ ನಗಲಿಲ್ಲ. ಮಾತು ತಾನಾಗಿ ಹೊರಬಂತು. ಆಮೇಲೆ ಬೆಲೆ ಏರಿತು, ಮಾವನ ದನಿಯೂ ಏರಿತು, ನಡುನಡುವೆ ನಿಂತಿತು, ಮತ್ತೆ ಏರಿತು. ಕೊನೆಯ ರಾಶಿ ಮುಗಿಸಿ ಇಳಿದಾಗ ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ ಎದ್ದು ಬಂದು ಮಂಡಿಯ ಬಾಗಿಲಲ್ಲಿ ನಿಂತು ಕೇಳಿದಳು, “ಯಾರಮ್ಮಾ ಅದು ಅಷ್ಟು ಜೋರಾಗಿ ಕೂಗ್ತಿದ್ದಿದ್ದು?”

“ನಮ್ಮ ಮಾವ,” ಎಂದೆ.

ನಿಮ್ಮ ಸೊಸೆ,
ರೇಖಾ