ಮಜ್ಜಿಗೆಯ ಜೊತೆ ನುಂಗಿದ ಮಾತ್ರೆ

ಗ್ರೋನಿಂಗನ್, ನವೆಂಬರ್ ೧೨, ಮಂಗಳವಾರ

ನನ್ನ ಗಂಡ ವೌಟರ್ ಕೆಲಸಕ್ಕೆ ಹೋದ ಮೇಲೆ ಇವತ್ತೂ ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಏಣಿಯಂಥ ಮೆಟ್ಟಿಲು, ಎದೆಗವಚಿಕೊಂಡ ಎಂಟು ದಿನದ ಮಗಳು ಫೆನ್ನಾ, ನಿಂತರೆ ಕಣ್ಣಿಗೆ ಕತ್ತಲೆ. ಅವನಿಗೆ ಗೊತ್ತಾಗಬಾರದು.

ಬಾಣಂತಿ ಆರೈಕೆಗೆ ಬರುವ ಹಿಲ್ಲಿ ನನ್ನ ರಕ್ತದ ವರದಿ ನೋಡಿ ಮುಖ ಗಂಟಿಕ್ಕಿದರು. "ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ್ದೆಲ್ಲಾ ಎಲ್ಲಿ ಹೋಯ್ತು ತಾಯಿ?"

"ಒಂದು ದಿನಾನೂ ತಪ್ಪಿಸಿಲ್ಲ. ಮಧ್ಯಾಹ್ನ ಬ್ರೆಡ್ಡು, ಚೀಸು, ಮಜ್ಜಿಗೆ ಜೊತೆ..."

"ಮಜ್ಜಿಗೆ ಜೊತೆನಾ!" ಅವರು ಹಣೆ ಚಚ್ಚಿಕೊಂಡರು. "ಹಾಲು ಮಜ್ಜಿಗೆ ಜೊತೆ ತಗೊಂಡ್ರೆ ಕಬ್ಬಿಣ ಮೈಗೆ ಹತ್ತಲ್ಲ ಕಣೆ! ಕಿತ್ತಳೆ ರಸದ ಜೊತೆ ನುಂಗ್ಬೇಕು. ಈ ಊರಿನೋರೆಲ್ಲಾ ಇದನ್ನೇ ಮಾಡ್ತೀರ."

ಮಗುವಿಗೆ ಒಳ್ಳೆಯದೆಂದು ದೊಡ್ಡ ಲೋಟದ ತುಂಬ ಮಜ್ಜಿಗೆ ಕುಡಿದವಳು ನಾನು. ಹಾಗಾದರೆ ಫೆನ್ನಾಗೂ ಕಬ್ಬಿಣ ಕಮ್ಮಿಯಾಗಿರಬಹುದೇ? ಕೇಳಲು ಧೈರ್ಯ ಬರಲಿಲ್ಲ. "ತಲೆ ಸುತ್ತುತ್ತಾ?" ಎಂದರು. "ಇಲ್ಲಪ್ಪ" ಎಂದೆ. ಹೌದೆಂದರೆ ಮಗುವನ್ನು ಎತ್ತಬೇಡ ಎನ್ನುತ್ತಾರೆ.

ಸಂಜೆ ವೌಟರ್ ನನ್ನ ಪ್ಯಾಂಟು ನೋಡಿ ನಕ್ಕ. "ಏನೇ ಇದು, ಹಿಂದೆಲ್ಲಾ ಧೂಳು? ಜಾರುಬಂಡೆ ಆಡಿದ್ಯಾ?"

ನಾನೂ ನಕ್ಕೆ. ಆಮೇಲೆ ಅವನು ಮೆಟ್ಟಿಲ ಕಡೆ ತಿರುಗಿದ. ಹದಿನಾಲ್ಕು ಮೆಟ್ಟಿಲುಗಳಲ್ಲೂ ನಡುಭಾಗದಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಅಗಲಕ್ಕೆ, ಧೂಳು ಒರೆಸಿದಂತೆ ಹೋಗಿತ್ತು. ಅವನ ನಗು ನಿಂತಿತು.